ಬಿಳಿಕಲ್ಲಿನ ಮುಂದಾಳು

ಆ ಊರಿನಲ್ಲಿ ಸತ್ತವರ ಮಾತನ್ನು ಕಳೆಯುತ್ತಿರಲಿಲ್ಲ. ಮನುಷ್ಯ ಹೋದನೆಂದು ಅವನು ಆಡಿದ ಮಾತೂ ಹೋಗಬೇಕೆ ಎಂದು ಊರು ಕಟ್ಟಿದವರು ಕೇಳಿದ್ದರಂತೆ. ಕೇಳಿದವರು ಒಳ್ಳೆಯವರೇ ಇದ್ದಿರಬೇಕು. ಆ ಮಾತಿನಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ.

ಊರ ಸುತ್ತ ಕೋಟೆ, ಕೋಟೆಗೆ ಒಂದೇ ಬಾಗಿಲು, ಬಾಗಿಲಿನಾಚೆ ಕೇರಿ. ಬೆಳಕು ಹರಿದರೆ ಬಾಗಿಲು ತೆರೆಯುತ್ತಿತ್ತು. ಕೇರಿಯವರು ಒಳಗೆ ಬಂದು ಊರಿನ ಅಂಗಳ ಗುಡಿಸಿ, ಬಟ್ಟೆ ಒಗೆದು, ಭತ್ತ ಕುಟ್ಟಿ, ಊರಿನ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಗಂಟೆ ಬಾರಿಸುತ್ತಿದ್ದರು. ಗಂಟೆ ನಿಲ್ಲುವುದರೊಳಗೆ ಕೇರಿಯವರೆಲ್ಲ ಹೊರಗಿರಬೇಕು. ಒಮ್ಮೆ ಬಾಗಿಲು ಮುಚ್ಚಿತೆಂದರೆ ಮಾರನೆಯ ಬೆಳಗಿನವರೆಗೆ ಹೊರಗಿನವರು ಒಳಗಿಲ್ಲ, ಒಳಗಿನವರು ಹೊರಗಿಲ್ಲ.

ವರ್ಷಕ್ಕೊಮ್ಮೆ, ಚಳಿ ಬಿಡುವ ಹೊತ್ತಿಗೆ, ಊರಿನಲ್ಲಿ ವಯಸ್ಸಿಗೆ ಬಂದವರೆಲ್ಲ ಚಾವಡಿಯಲ್ಲಿ ಸೇರುತ್ತಿದ್ದರು. ಅಲ್ಲಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಬಾಗಿಲು ಈಗಿರುವ ಹಾಗೇ ಇರಲೋ, ಬದಲಾಗಲೋ. ಹಾಗೇ ಇರಲಿ ಎನ್ನುವವರು ಕರಿಯ ಕಲ್ಲು ಇಡಬೇಕು, ಬದಲಾಗಲಿ ಎನ್ನುವವರು ಬಿಳಿಯ ಕಲ್ಲು ಇಡಬೇಕು. ಎಣಿಕೆ ಮುಗಿದ ಮೇಲೆ ಬದುಕಿರುವವರು ತಮ್ಮ ತಮ್ಮ ಕಲ್ಲನ್ನು ಮನೆಗೆ ಒಯ್ಯುತ್ತಿದ್ದರು. ಸತ್ತವರ ಕಲ್ಲು ಚಾವಡಿಯ ಹಿಂದಿನ ಗೋಡೆಗೆ ಸೇರುತ್ತಿತ್ತು. ಹಸಿ ಗಾರೆಯಲ್ಲಿ ಒತ್ತಿದರೆ ಮುಗಿಯಿತು, ಅದನ್ನು ಯಾರೂ ಕೀಳುವಂತಿಲ್ಲ. ಪ್ರತಿ ವರ್ಷವೂ ಮುಂದಿಟ್ಟ ಕಲ್ಲುಗಳ ಜೊತೆಗೆ ಗೋಡೆಯ ಕಲ್ಲುಗಳನ್ನೂ ಎಣಿಸುತ್ತಿದ್ದರು.

ಎಣಿಸುತ್ತಿದ್ದವನು ಗೋಡೆಯಜ್ಜ. ಅವನಿಗೆ ವಯಸ್ಸೆಷ್ಟು ಎಂದು ಯಾರೂ ಕೇಳಿರಲಿಲ್ಲ. ಕಣ್ಣು ಅಷ್ಟು ಕಾಣುತ್ತಿರಲಿಲ್ಲವಾದ್ದರಿಂದ ಒಂದೊಂದೇ ಕಲ್ಲಿಗೆ ಮುಖ ಹತ್ತಿರ ತಂದು, ಬೆರಳಿನಿಂದ ಮುಟ್ಟಿ, ಮುಂದಕ್ಕೆ ಸರಿಯುತ್ತಿದ್ದ. ಮೂರು ದಿನ ಎಣಿಸಿ, ಮೂರನೆಯ ದಿನದ ಮಧ್ಯಾಹ್ನ ಚಾವಡಿಯ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದ:

"ಊರು ಹೇಳಿತು, ಹಾಗೇ ಇರಲಿ."

ಊರು ಯಾವಾಗಲೂ ಅದನ್ನೇ ಹೇಳುತ್ತಿತ್ತು. ಬಿಳಿಯ ಕಲ್ಲನ್ನು ಯಾರ ಮನೆಯಲ್ಲೂ ಇಟ್ಟುಕೊಂಡಿರಲಿಲ್ಲ.

ಈ ಊರಿನ ದೊಡ್ಡ ಮನೆಯೊಂದರಲ್ಲಿ ಒಬ್ಬ ಹುಡುಗ ಹುಟ್ಟಿದ. ತಾಯಿಗೆ ಹಾಲು ಬರಲಿಲ್ಲ. ಕೇರಿಯಿಂದ ಒಬ್ಬಳನ್ನು ಕರೆತಂದರು. ಅವಳ ಸೊಂಟದ ಮೇಲೆ ಎರಡು ವರ್ಷದ ಅವಳದೇ ಮಗಳಿದ್ದಳು, ಇನ್ನೂ ಹಾಲು ಬಿಟ್ಟಿರಲಿಲ್ಲ. ಒಂದು ಬದಿ ಮಗಳಿಗೆ, ಒಂದು ಬದಿ ಈ ಕೂಸಿಗೆ. ಹುಡುಗನಿಗೆ ಮಾತು ಬಂದಾಗ ಅವನು ಆ ಹೆಂಗಸನ್ನು ಹಾಲವ್ವ ಎಂದ, ಅವಳ ಮಗಳನ್ನು ಹಾಲಕ್ಕ ಎಂದ. ಯಾರೂ ಬೇಡವೆನ್ನಲಿಲ್ಲ. ಮಕ್ಕಳು ಏನು ಬೇಕಾದರೂ ಕರೆಯಬಹುದಿತ್ತು.

ಅವನಿಗೆ ಆರು ತುಂಬಿದ ವರ್ಷ ಒಂದು ಮಧ್ಯಾಹ್ನ ಹಾಲವ್ವ ಭತ್ತ ಕುಟ್ಟುತ್ತಿದ್ದವಳು ಒನಕೆ ಹಿಡಿದುಕೊಂಡೇ ಕುಸಿದಳು. ವೈದ್ಯ ಬಂದು ನಾಡಿ ಹಿಡಿದು, ಮೂರು ಹೊತ್ತು ಕಷಾಯ ಕೊಡಬೇಕು, ನಾನೇ ಪಕ್ಕದಲ್ಲಿದ್ದು ನೋಡಬೇಕು ಎಂದ. ಒಂದು ಹೊತ್ತಿನದು ಕೊಟ್ಟಿದ್ದೂ ಆಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಗನ ಅಪ್ಪ ಕೆಟ್ಟವನಲ್ಲ. ಒಳ್ಳೆಯ ಜಮಖಾನೆಯನ್ನೇ ಕೊಟ್ಟ. ನಾಲ್ಕು ಜನ ಅದರಲ್ಲಿ ಅವಳನ್ನು ಮಲಗಿಸಿ ಹೊತ್ತರು. ಹುಡುಗ ಹಿಂದೆಯೇ ಓಡಿದ. ಬಾಗಿಲು ಮುಚ್ಚಿದ ಮೇಲೆ ವೈದ್ಯ ಈಚೆ ನಿಂತು, ಸಂದಿಯಲ್ಲಿ ಬಾಯಿಟ್ಟು, ಯಾವ ಬೇರು, ಎಷ್ಟು ನೀರು, ಎಷ್ಟು ಕುದಿಸಬೇಕು ಎಂದು ಕೂಗಿ ಹೇಳುತ್ತಿದ್ದ. ಆಚೆಯಿಂದ ಯಾರೋ, "ಆಯ್ತು ಸ್ವಾಮಿ, ಆಯ್ತು ಸ್ವಾಮಿ" ಎನ್ನುತ್ತಿದ್ದರು.

ಬೆಳಿಗ್ಗೆ ಹಾಲಕ್ಕ ಒಬ್ಬಳೇ ಬಂದಳು. ಎಂಟು ವರ್ಷದ ಹುಡುಗಿ ನೇರ ಹಿತ್ತಲಿಗೆ ಹೋಗಿ ಅವ್ವನ ಜಾಗದಲ್ಲಿ ಕೂತು ಪಾತ್ರೆ ತಿಕ್ಕತೊಡಗಿದಳು. ಹುಡುಗ ಪಕ್ಕದಲ್ಲಿ ಕೂತ.

"ಅವ್ವ ಎಲ್ಲಿ?"

"ಹೋದ್ಲು."

"ಎಲ್ಲಿಗೆ?"

"ಸತ್ತೋದ್ಲು ತಮ್ಮ. ಬಾಗಿಲು ತೆಗೆದಿದ್ರೆ ಉಳೀತಿದ್ಲಂತೆ." ಅವಳು ತಲೆಯೆತ್ತದೆ ಬೂದಿ ಹಚ್ಚಿ ತಿಕ್ಕುತ್ತಲೇ ಇದ್ದಳು.

ಅವನು ಒಳಗೆ ಹೋಗಿ ತಾಯಿಯನ್ನು ಕೇಳಿದ. ತಾಯಿ ಅವನ ತಲೆಗೂದಲು ಸರಿಮಾಡಿ, "ಅದು ಹಾಗೇ ಇರೋದು ಮಗಾ" ಎಂದಳು.

ವಯಸ್ಸಿಗೆ ಬಂದ ವರ್ಷ ಅವನು ಹೊಳೆಗೆ ಹೋಗಿ ನೀರಿನಲ್ಲಿ ಇಳಿದು ಹುಡುಕಿ ಒಂದು ಬಿಳಿಯ ಕಲ್ಲು ತಂದ. ಚಾವಡಿಯಲ್ಲಿ ಅವನ ಸರದಿ ಬಂದಾಗ ಅದನ್ನು ಕರಿಯ ರಾಶಿಯ ಪಕ್ಕದಲ್ಲಿ ಇಟ್ಟ. ಮೊದಲು ಗದ್ದಲ ನಿಂತಿತು, ಆಮೇಲೆ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಗೋಡೆಯಜ್ಜ ಮಾತ್ರ ನಗಲಿಲ್ಲ. ಕಲ್ಲನ್ನು ಮುಖದ ಹತ್ತಿರ ಹಿಡಿದು ತಿರುಗಿಸಿ ನೋಡಿ, "ಬಿಳಿ, ಒಂದು" ಎಂದ.

ಹಾಗೆ ಅವನು ಮುಂದಾಳಾದ. ಮೊದಲು ಅದು ಹಂಗಿಸುವ ಹೆಸರಾಗಿತ್ತು. ಹಿಂದೆ ಒಬ್ಬನೂ ಇಲ್ಲದ ಮುಂದಾಳು ಎಂದು ಓಣಿಯಲ್ಲಿ ಕೂಗುತ್ತಿದ್ದರು. ಮದುವೆಯಾಯಿತು. ಹೆಂಡತಿಯಾಗಿ ಬಂದವಳು ಅವನ ಮಾತನ್ನು ಒಂದು ವರ್ಷ ಕೇಳಿದಳು, ಮುಂದಿನ ಚಳಿಗಾಲದಲ್ಲಿ ಅವನಿಗೆ ಹೇಳದೆ ತಾನೇ ಹೊಳೆಗೆ ಹೋಗಿ ಬಂದಳು. ಬಿಳಿ, ಎರಡು.

ಅವನು ಮನೆಮನೆಗೆ ಹೋದ. ದೊಡ್ಡ ಭಾಷಣ ಮಾಡುತ್ತಿರಲಿಲ್ಲ. ಜಗುಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಹಾಲವ್ವನ ಕತೆ ಹೇಳುತ್ತಿದ್ದ. ಆಮೇಲೆ ಆ ಮನೆಯವರು ತಮ್ಮನ್ನು ಎತ್ತಿ ಆಡಿಸಿದವಳ ಕತೆ ಹೇಳುತ್ತಿದ್ದರು. ಪ್ರತಿ ಮನೆಯಲ್ಲೂ ಒಬ್ಬಳು ಇದ್ದಳು. ಪ್ರತಿಯೊಬ್ಬರಿಗೂ ಗಂಟೆ ಹೊಡೆದ ಮೇಲೆ ಅತ್ತ ಒಂದು ಸಂಜೆ ನೆನಪಿತ್ತು. ಅದನ್ನು ಯಾರೂ ಅವರನ್ನು ಕೇಳಿರಲಿಲ್ಲ, ಅಷ್ಟೇ. ಹನ್ನೆರಡು ವರ್ಷ ಅವನು ಕೇಳಿದ. ಹನ್ನೆರಡನೆಯ ವರ್ಷ ಚಾವಡಿಯಲ್ಲಿ ಬಿಳಿಯ ರಾಶಿ ಅವನ ಎದೆಯೆತ್ತರಕ್ಕೆ ಬಂತು. ಕರಿಯ ಕಲ್ಲು ಇಟ್ಟವರು ಹನ್ನೊಂದು ಜನ ಮುದುಕರು. ಅವರಲ್ಲಿ ಅವನ ತಾಯಿಯೂ ಒಬ್ಬಳು.

ಮೂರು ದಿನ ಗೋಡೆಯಜ್ಜ ಎಣಿಸಿದ. ಆ ಮೂರು ದಿನವೂ ಜನ ಮನೆಗೆ ಹೋಗಲಿಲ್ಲ. ಚಾವಡಿಯ ಮುಂದೆಯೇ ಒಲೆ ಹೂಡಿ ಉಂಡರು. ಮೂರನೆಯ ದಿನದ ಮಧ್ಯಾಹ್ನ ಅಜ್ಜ ಮೆಟ್ಟಿಲ ಮೇಲೆ ನಿಂತ.

"ಊರು ಹೇಳಿತು, ಹಾಗೇ ಇರಲಿ."

ಗೋಡೆಯ ಕಲ್ಲುಗಳು ಬದುಕಿದ್ದವರಿಗಿಂತ ಐನೂರು ಹೆಚ್ಚಿದ್ದವು. ಎಲ್ಲವೂ ಕಪ್ಪು.

ಜನರ ಹಿಂದಿನಿಂದ ಕಮ್ಮಾರ ಮುಂದೆ ಬಂದ. ಮುಂದಾಳಿನ ಓರಗೆಯವನು, ಮೂರನೆಯ ಬಿಳಿಯ ಕಲ್ಲು ಅವನದು. "ಅಂಗಡಿಯಲ್ಲಿ ದೊಡ್ಡ ಸುತ್ತಿಗೆ ಇದೆ" ಎಂದ. "ಬದುಕಿರೋರೆಲ್ಲ ಇಲ್ಲೇ ಇದೀವಿ. ಹೊತ್ತು ಮುಳುಗೋದರೊಳಗೆ ಬಾಗಿಲು ನೆಲದ ಮೇಲಿರುತ್ತೆ. ಹೂಂ ಅನ್ನು."

ಎಲ್ಲರೂ ಮುಂದಾಳಿನ ಮುಖ ನೋಡಿದರು. ಅವನಿಗೆ ಆ ಕ್ಷಣ ಚೆನ್ನಾಗಿ ನೆನಪಿತ್ತು, ಸಾಯುವವರೆಗೂ ನೆನಪಿತ್ತು. ಬಿಸಿಲು ಎಲ್ಲಿ ಬಿದ್ದಿತ್ತು, ಯಾರ ತೋಳಿನಲ್ಲಿ ಮಗು ಇತ್ತು, ಎಲ್ಲ.

"ಬೇಡ" ಎಂದ ಅವನು. "ಇವತ್ತು ನಾವು ಮುರಿದರೆ ನಾಳೆ ಇನ್ನೊಬ್ಬರು ಬಂದು ಹೊಸದು ಹಾಕ್ತಾರೆ. ಊರೇ ಹೇಳಿ ತೆಗೆದ ಬಾಗಿಲನ್ನ ಯಾರೂ ಮುಚ್ಚೋಕಾಗಲ್ಲ. ಪ್ರತಿ ವರ್ಷ ಹೊಸಬರು ವಯಸ್ಸಿಗೆ ಬರ್ತಾರೆ. ನಮ್ಮದು ಬೆಳೀತಾ ಹೋಗುತ್ತೆ, ಅವರದು ಅಷ್ಟಕ್ಕೇ ನಿಲ್ಲುತ್ತೆ. ಕಾಯೋಣ."

"ಎಷ್ಟು ವರ್ಷ?"

"ಇಪ್ಪತ್ತಾಗಬಹುದು."

ಕಮ್ಮಾರ "ಆಗಲಿ" ಎಂದು ಹೊರಟ. ಅಂದಿನಿಂದ ಅವನು ಚಾವಡಿಗೆ ಬರಲಿಲ್ಲ. ಕರಿಯದನ್ನೂ ಇಡಲಿಲ್ಲ, ಬಿಳಿಯದನ್ನೂ ಇಡಲಿಲ್ಲ.

ಸಂಜೆ ಮುಂದಾಳು ಬಾಗಿಲ ಬಳಿ ಹೋದ. ಹಾಲಕ್ಕ ಕೆಲಸ ಮುಗಿಸಿ ಹೊರಡುವವಳಿದ್ದಳು. ಅವನು ಆದದ್ದನ್ನು ಹೇಳಿದ. ಅವಳು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಅನ್ನವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, "ಇಪ್ಪತ್ತು ವರ್ಷಕ್ಕೆ ನಂಗೆ ಐವತ್ಮೂರಾಗುತ್ತೆ ತಮ್ಮ" ಎಂದಳು. ಬೇಸರದಿಂದ ಹೇಳಿದ್ದಲ್ಲ, ಲೆಕ್ಕ ಹಾಕಿ ಹೇಳಿದ್ದು. ಆಮೇಲೆ ಗಂಟೆ ಹೊಡೆಯಿತು, ಹೋದಳು.

ಆ ವರ್ಷವೇ ಅವನಿಗೆ ಮಗಳು ಹುಟ್ಟಿದಳು. ಅವನ ಹೆಂಡತಿಗೂ ಹಾಲು ಸಾಲಲಿಲ್ಲ. ಹಾಲಕ್ಕನಿಗೆ ಆಗ ತಾನೇ ಮೂರನೆಯ ಹೆರಿಗೆಯಾಗಿ ಕೂಸು ಹೋಗಿತ್ತು. ಅವಳೇ ಹಾಲೂಡಿದಳು. ಮಗು ಹಗಲೆಲ್ಲ ಅವಳ ಮಡಿಲಲ್ಲಿ, ರಾತ್ರಿಯೆಲ್ಲ ಅಳುತ್ತಾ ತಾಯಿಯ ಮಡಿಲಲ್ಲಿ ಬೆಳೆಯಿತು.

ಮುಂದಾಳು ಊರಿನ ಯಜಮಾನನಾದ. ಬಾಗಿಲೊಂದನ್ನು ಬಿಟ್ಟು ಉಳಿದದ್ದೆಲ್ಲ ಅವನ ಕೈಯಲ್ಲಿತ್ತು. ಬಾಗಿಲಿನಾಚೆ ಕೇರಿಯವರು ಬೆಳಿಗ್ಗೆ ಕಾಯುವಾಗ ಬಿಸಿಲು ತಾಗದಿರಲೆಂದು ಚಪ್ಪರ ಹಾಕಿಸಿದ. ಒಂದು ಬಾವಿ ತೋಡಿಸಿದ. ಗಂಟೆಯನ್ನು ಅರ್ಧ ಗಂಟೆ ತಡವಾಗಿ ಬಾರಿಸುವ ಹಾಗೆ ಮಾಡಿದ. ಅಂದು ಊರು ಅವನಿಗೆ ಹಾರ ಹಾಕಿ ಮೆರವಣಿಗೆ ಮಾಡಿತು. ಮನೆಗೆ ಬಂದು ಹಾರವನ್ನು ಗೂಟಕ್ಕೆ ಸಿಕ್ಕಿಸುವಾಗ ಹಾಲಕ್ಕ ನೆಲ ಒರೆಸುತ್ತಿದ್ದಳು.

"ಕೇರಿಯಲ್ಲಿ ಏನಂತಾರೆ ಅಕ್ಕ?"

"ಏನಂತಾರೆ. ಅರ್ಧ ಗಂಟೆ ಕೆಲಸ ಜಾಸ್ತಿ ಆಯ್ತು ಅಂತಾರೆ."

ಅವನು ಇನ್ನೊಂದು ದಾರಿ ಹಿಡಿದ. ಸಾಯುವವರು ಕೊನೆಯ ಗಳಿಗೆಯಲ್ಲಿ ತಮ್ಮ ಕಲ್ಲನ್ನು ಬದಲಾಯಿಸಬಹುದಿತ್ತು. ಗೋಡೆಯಜ್ಜ ತಟ್ಟೆಯಲ್ಲಿ ಎರಡು ಕಲ್ಲು ಇಟ್ಟುಕೊಂಡು ಬರುತ್ತಿದ್ದ, ಮಲಗಿದವರು ಒಂದನ್ನು ಮುಟ್ಟುತ್ತಿದ್ದರು, ಮುಟ್ಟಿದ್ದು ಗೋಡೆಗೆ ಹೋಗುತ್ತಿತ್ತು. ಕರಿಯ ಕಲ್ಲಿನ ಮುದುಕರು ಒಬ್ಬೊಬ್ಬರಾಗಿ ಮಲಗಿದರು, ಅವರ ಜಾಗಕ್ಕೆ ಬೇರೆಯವರು ವಯಸ್ಸಾದಂತೆ ಗಟ್ಟಿಯಾಗಿ ಕರಿಯ ಕಲ್ಲಿಗೆ ತಿರುಗುತ್ತ ಬಂದರು. ಮುಂದಾಳು ಅವರ ಹಾಸಿಗೆಯ ಪಕ್ಕದಲ್ಲಿ ಕೂರತೊಡಗಿದ.

ಮೊದಲು ಕೂತದ್ದು ತಾಯಿಯ ಪಕ್ಕದಲ್ಲಿ. ತಾಯಿ ಮೂರು ದಿನದಿಂದ ನೀರು ಮಾತ್ರ ಕುಡಿಯುತ್ತಿದ್ದಳು. ಅಜ್ಜ ತಟ್ಟೆ ಹಿಡಿದು ನಿಂತಿದ್ದ.

"ಅಮ್ಮಾ" ಎಂದ ಅವನು. "ಹಾಲವ್ವ ನಿನ್ನ ಮಗನಿಗೆ ಹಾಲು ಕೊಟ್ಟವಳಲ್ವಾ."

ತಾಯಿ ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು. "ನಿನಗೆ ಅದು ಬೇಕಾ?"

"ಬೇಕಮ್ಮಾ."

ಅವಳು ಬಿಳಿಯ ಕಲ್ಲಿನ ಮೇಲೆ ಕೈಯಿಟ್ಟಳು. ಅಜ್ಜ ಆ ಕಲ್ಲನ್ನು ಎತ್ತಿಕೊಂಡು ಹೊರಡುವುದನ್ನೇ ಮಗ ನೋಡುತ್ತ ಕೂತ, ಅಂಗಳ ದಾಟುವವರೆಗೂ ನೋಡಿದ. ತಿರುಗಿದಾಗ ತಾಯಿ ಹೋಗಿದ್ದಳು. ಹೋಗುವಾಗ ಅವಳ ಕಣ್ಣು ಯಾರನ್ನು ಹುಡುಕಿತೋ ಅವನಿಗೆ ಗೊತ್ತಾಗಲಿಲ್ಲ.

ವರ್ಷಗಳು ಉರುಳಿದವು. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ವೈದ್ಯನಿಗಿಂತ ಮೊದಲು ಮುಂದಾಳಿಗೆ ತಿಳಿಯುತ್ತಿತ್ತು. ಅವನು ಬರುವುದನ್ನು ಕಂಡರೆ ಹೆಂಗಸರು ಒಳಗೆ ಹೋಗಿ ಅಳಲು ಶುರುಮಾಡುತ್ತಿದ್ದರು. ನೆಗಡಿಯಾದ ಮುದುಕನೊಬ್ಬ, ಅವನನ್ನ ಒಳಗೆ ಬಿಡಬೇಡಿ, ನನಗೆ ಅಂಥದ್ದೇನೂ ಆಗಿಲ್ಲ ಎಂದು ಕೂಗಾಡಿದನಂತೆ. ಅದನ್ನು ಹೇಳಿ ಊರು ನಕ್ಕಿತು. ಮುಂದಾಳೂ ನಕ್ಕ. ಆದರೆ ಆ ಮುದುಕನ ಹೆಸರನ್ನು ಮನಸ್ಸಿನಲ್ಲಿ ಇಟ್ಟುಕೊಂಡ.

ಒಂದು ಮಳೆಗಾಲದಲ್ಲಿ ಕಮ್ಮಾರ ಮಲಗಿದ. ಎದೆಯಲ್ಲಿ ಕಫ ಕಟ್ಟಿ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಮುಂದಾಳು ಬಂದು ಪಕ್ಕದಲ್ಲಿ ಕೂತ. ಕಮ್ಮಾರ ಅವನನ್ನು ಕಂಡು ಕೈ ಚಾಚಿದ. ಆ ಕೈಗೆ ಮುಂದಾಳು ತಟ್ಟೆಯಿಂದ ಬಿಳಿಯ ಕಲ್ಲನ್ನು ತೆಗೆದು ಇಡಹೋದ. ಕಮ್ಮಾರ ಕೈ ಹಿಂದಕ್ಕೆ ಎಳೆದುಕೊಂಡ.

"ಕೈ ಹಿಡ್ಕೋ ಅಂತ ಚಾಚಿದ್ದು" ಎಂದ. "ನೀನು ಕಲ್ಲು ಹಿಡಿಸ್ತೀಯಲ್ಲೋ."

"ಇದು ನಿನ್ನದೇ ಮಾತು ಕಣೋ. ಮೂರನೇ ಕಲ್ಲು ನಿನ್ನದು."

"ನನ್ನ ಮಾತು ಸುತ್ತಿಗೆಯಲ್ಲಿತ್ತು." ಅವನಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಗೋಡೆಯ ಕಡೆಗೆ ಮಗ್ಗುಲಾದ. ಯಾವ ಕಲ್ಲನ್ನೂ ಮುಟ್ಟದೆ ಸತ್ತ. ಬಹಳ ವರ್ಷ ಚಾವಡಿಗೆ ಬಾರದವರ ಹಳೆಯ ಕಲ್ಲು ನಡೆಯುವುದಿಲ್ಲವೆಂದು ಅಜ್ಜ ಹೇಳಿದ. ಮುಂದಾಳು ಮನೆಗೆ ನಡೆಯುವಾಗ ಗೆಳೆಯನನ್ನು ನೆನೆದು ಅತ್ತ. ಅಳುತ್ತಿರುವಾಗಲೇ ಒಳಗೊಂದು ದನಿ ಒಂದು ಕಲ್ಲು ಹೋಯಿತು, ಒಂದು ಕಲ್ಲು ಹೋಯಿತು ಎನ್ನುತ್ತಿತ್ತು. ಆ ದನಿ ಬೇರೆಯವರದೆಂದು ಅವನು ನಂಬಲು ನೋಡಿದ.

ಕಾಯತೊಡಗಿದ ಹತ್ತೊಂಬತ್ತನೆಯ ವರ್ಷ ಜ್ವರ ಬಂತು.

ಮೊದಲು ನೇಕಾರರ ಬೀದಿ, ಆಮೇಲೆ ಪೇಟೆ. ವೈದ್ಯ ಮುಂದಾಳಿನ ಮನೆಗೆ ಬಂದ. ಹಳೆಯ ವೈದ್ಯನ ಮಗ, ಅವನಿಗೂ ಈಗ ತಲೆ ನರೆತಿತ್ತು. "ಯಜಮಾನರೇ, ಈ ವರ್ಷ ಜನ ಸೇರಿಸಬೇಡಿ" ಎಂದ. "ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕೋ ಹಾಗೆ ನಿಲ್ಲಬಾರದು. ಎರಡು ತಿಂಗಳು ಎಲ್ಲರೂ ಅವರವರ ಮನೆಯಲ್ಲಿರಲಿ."

ಮುಂದಾಳು ಮನಸ್ಸಿನಲ್ಲೇ ಎಣಿಸಿದ. ಈ ವರ್ಷ ವಯಸ್ಸಿಗೆ ಬಂದವರು ನಲವತ್ತು ಜನರಿದ್ದರು. ಆ ನಲವತ್ತು ಸೇರಿದರೆ ಬಿಳಿಯದು ಕರಿಯದನ್ನು ದಾಟುತ್ತಿತ್ತು. ಮೂವತ್ತೆರಡು ವರ್ಷಗಳಲ್ಲಿ ಮೊದಲ ಸಲ ದಾಟುತ್ತಿತ್ತು. ಮೊದಲ ಕಲ್ಲು ಇಡದೆ ಸತ್ತವರಿಗೆ ಗೋಡೆಯಲ್ಲಿ ಜಾಗವಿಲ್ಲ. ಜ್ವರ ಎಳೆಯರನ್ನೇ ಹೆಚ್ಚು ಹಿಡಿಯುತ್ತಿತ್ತು. ಎರಡು ತಿಂಗಳು ಕಾದರೆ ಆ ನಲವತ್ತರಲ್ಲಿ ಎಷ್ಟು ಉಳಿಯುತ್ತಾರೆ ಎಂದು ಅವನು ಯೋಚಿಸಿದ. ಹಾಗೆ ಯೋಚಿಸಿದ್ದು ಅವನಿಗೆ ತಪ್ಪೆನಿಸಲಿಲ್ಲ. ಹಾಲವ್ವನನ್ನು ಜಮಖಾನೆಯಲ್ಲಿ ಹೊತ್ತದ್ದು ಅವನ ಕಣ್ಣ ಮುಂದೆಯೇ ಇತ್ತು.

"ಯಾರ ಮಾತೂ ಕಳೆದುಹೋಗಬಾರದು" ಎಂದ. "ಸಭೆ ನಡೀಲಿ. ಬೇಗ ಮುಗಿಸೋಣ."

ಅವನ ಮಗಳೂ ಆ ನಲವತ್ತರಲ್ಲಿ ಒಬ್ಬಳು. ಆರು ತಿಂಗಳ ಹಿಂದೆಯೇ ಹೊಳೆಗೆ ಹೋಗಿ ಕಲ್ಲು ಆರಿಸಿ ತಂದು ಅದನ್ನು ಗೂಡಿನಲ್ಲಿಟ್ಟು, ದಿನಾ ಒಂದು ಸಲ ತೆಗೆದು ನೋಡುತ್ತಿದ್ದಳು. ಸಭೆಯ ಬೆಳಿಗ್ಗೆ ಎದ್ದು ಬಂದವಳ ಕೆನ್ನೆ ಕೆಂಪಾಗಿತ್ತು.

"ಅಪ್ಪ, ಮೈ ಯಾಕೋ ಬಿಸಿ ಇದೆ."

ಹೆಂಡತಿ ಒಳಗಿನಿಂದ ಗಂಡನ ಮುಖ ನೋಡಿದಳು. ಹಾಲಕ್ಕ ಆಗ ತಾನೇ ಬಂದು ಅಂಗಳದಲ್ಲಿ ನಿಂತಿದ್ದಳು, ಅವಳೂ ನೋಡಿದಳು.

ಅವನು ಮಗಳ ಹಣೆ ಮುಟ್ಟಿದ. ಬಿಸಿ ಇತ್ತು. "ಹೋಗಿ ಕಲ್ಲಿಟ್ಟು ಬಂದು ಮಲಗು ಮಗಳೇ" ಎಂದ. "ಎಷ್ಟು ಹೊತ್ತಿನ ಕೆಲಸ."

ಅವಳು ಹೋದಳು. ಸರದಿ ಉದ್ದಕ್ಕಿತ್ತು. ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದರು. ಅವಳ ಸರದಿ ಬಂದಾಗ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಇಟ್ಟಳು, ಅಪ್ಪನ ಕಡೆ ನೋಡಿ ನಕ್ಕಳು. ನಲವತ್ತರಲ್ಲಿ ಬಂದವರು ಇಪ್ಪತ್ತಾರು. ಉಳಿದವರನ್ನು ಅವರ ತಾಯಂದಿರು ಕಳಿಸಿರಲಿಲ್ಲ. ಮೂರನೆಯ ದಿನ ಗೋಡೆಯಜ್ಜ ಹೊರಗೆ ಬಂದ.

"ಊರು ಹೇಳಿತು, ಹಾಗೇ ಇರಲಿ."

ಒಂಬತ್ತು ಕಲ್ಲು ಸಾಲದೆ ಹೋಗಿದ್ದವು.

ಮನೆಗೆ ಬಂದಾಗ ಮಗಳು ಯಾರನ್ನೂ ಗುರುತಿಸುತ್ತಿರಲಿಲ್ಲ. ಹಾಲಕ್ಕನನ್ನು ಮಾತ್ರ ಗುರುತಿಸುತ್ತಿದ್ದಳು. ಅವಳ ಕೈ ಹಣೆಯ ಮೇಲಿದ್ದರೆ ಸುಮ್ಮನಿರುತ್ತಿದ್ದಳು, ತೆಗೆದರೆ ನರಳುತ್ತಿದ್ದಳು. ಎರಡು ಹಗಲು ಹಾಲಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಬದಲಾಯಿಸಿದಳು. ಎರಡನೆಯ ಸಂಜೆ ಗಂಟೆ ಶುರುವಾಯಿತು. ಅವಳು ಏಳಲಿಲ್ಲ.

"ಇವತ್ತೊಂದಿನ ಇರ್ತೀನಿ ತಮ್ಮ."

ಮುಂದಾಳು ಬಾಗಿಲಲ್ಲಿ ನಿಂತಿದ್ದ. ಹೆಂಡತಿ ಮಗಳ ಪಾದ ಹಿಡಿದುಕೊಂಡು ಕೂತಿದ್ದಳು.

"ಅಕ್ಕ, ನಾನೇ ಯಜಮಾನ" ಎಂದ ಅವನು.

"ಅದಕ್ಕೇ ಕೇಳ್ತಿರೋದು."

"ನನ್ನ ಮನೆಯಲ್ಲೇ ಕಟ್ಟಳೆ ಮುರಿದರೆ ನಾಳೆ ಯಾರು ನನ್ನ ಮಾತು ಕೇಳ್ತಾರೆ. ಮೂವತ್ತೆರಡು ವರ್ಷ ಆಯ್ತು. ಒಂಬತ್ತೇ ಕಲ್ಲು ಬೇಕು. ಒಂಬತ್ತು. ಬರೋ ವರ್ಷ ನೀನು ಯಾರನ್ನೂ ಕೇಳಬೇಕಾಗಿಲ್ಲ, ಇಲ್ಲೇ ಇರಬಹುದು."

ಗಂಟೆ ಹೊಡೆಯುತ್ತಲೇ ಇತ್ತು. ಹೆಂಡತಿ ಮಗಳ ಪಾದಕ್ಕೆ ಹಣೆ ಹಚ್ಚಿದಳು. ಹಾಲಕ್ಕ ಹುಡುಗಿಯ ತಲೆಯನ್ನು ಮೆಲ್ಲಗೆ ಎತ್ತಿ ದಿಂಬಿನ ಮೇಲಿಟ್ಟಳು. ಬಟ್ಟೆಯನ್ನು ಹಿಂಡಿ ಹಣೆಯ ಮೇಲೆ ಹರಡಿದಳು. ಎದ್ದು ಸೆರಗು ಸರಿಮಾಡಿಕೊಂಡು ಅವನ ಪಕ್ಕದಿಂದ ಹೊರಗೆ ಹೋದಳು. ಅವನು ದಾರಿ ಬಿಟ್ಟ.

ಬೆಳಕು ಹರಿಯುವ ಮುಂಚೆ ಮಗಳು ಹೋದಳು. ಬಾಗಿಲು ತೆರೆದ ಕೂಡಲೇ ಹಾಲಕ್ಕ ಓಡುತ್ತ ಬಂದವಳು, ಅಂಗಳದಲ್ಲಿ ಜನ ನಿಂತಿರುವುದನ್ನು ಕಂಡು ಅಲ್ಲೇ ನಿಂತಳು. ಒಳಗೆ ಬರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹಿಂದಕ್ಕೆ ತಿರುಗಿ ನಡೆದಳು. ಆಮೇಲೆ ಆ ಮನೆಗೆ ಕೆಲಸಕ್ಕೆ ಬರಲಿಲ್ಲ.

ಜ್ವರ ಒಂದು ತಿಂಗಳು ಊರಿನಲ್ಲಿತ್ತು. ಸಭೆಯ ಸರದಿಯಲ್ಲಿ ನಿಂತಿದ್ದವರ ಮನೆಗಳಲ್ಲಿ ಹೆಚ್ಚು. ಗೋಡೆಯಜ್ಜ ದಿನವೂ ಗಾರೆ ಕಲಸಿದ. ಕಲ್ಲುಗಳನ್ನು ಒಂದೊಂದಾಗಿ ತರಲು ಆಗದೆ ಬುಟ್ಟಿಯಲ್ಲಿ ತಂದರು. ಗೋಡೆಯ ಆ ಮೂಲೆ ಬೆಳ್ಳಗಾಯಿತು.

ಮುಂದಿನ ಚಳಿಗಾಲ ಸಭೆ ಸೇರಿದಾಗ ಮುಂದಾಳು ಯಾರ ಮನೆಗೂ ಹೋಗಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಒಂದು ಮೂಲೆಯಲ್ಲಿ ಕೂತಿದ್ದ. ಮೊದಲು ಬಂದವನು ವರ್ಷಗಳಿಂದ ಬಿಳಿಯದನ್ನು ಮುಟ್ಟದ ಮುದುಕ. ನೆಗಡಿಯಾದಾಗ ಕೂಗಾಡಿದವನು. ಬಿಳಿಯ ಕಲ್ಲು ಇಟ್ಟ. ಅವನ ಹಿಂದಿನ ಮುದುಕಿಯೂ ಬಿಳಿಯದನ್ನೇ ಇಟ್ಟಳು. ಕರಿಯ ಕಲ್ಲಿನವರೆಲ್ಲ ಒಬ್ಬರಾದ ಮೇಲೊಬ್ಬರು ಬಿಳಿಯದು ಇಟ್ಟರು. ಮುಂದಾಳು ಎದ್ದು ಆ ಮುದುಕನ ಬಳಿಗೆ ಹೋದ.

"ಮನಸ್ಸು ಬದಲಾಯಿತಾ ಹಿರಿಯರೇ?"

ಮುದುಕ ಅವನ ಮುಖ ನೋಡಲಿಲ್ಲ. "ನನ್ನ ಮೊಮ್ಮಗ ಬಿಳೀದು ಇಟ್ಟು ಹೋದ" ಎಂದ. "ಅವನಿಗೆ ಎದುರು ನಾನು ಹ್ಯಾಗೆ ಕರೀದು ಇಡಲಿ. ಬಾಗಿಲು ಏನಾದರೂ ಆಗಲಿ, ನನಗೇನು."

ಎಲ್ಲರದೂ ಅದೇ ಆಗಿತ್ತು. ಸತ್ತ ಮಗ ಏನಿಟ್ಟನೋ ಅದು, ಸತ್ತ ಸೊಸೆ ಏನಿಟ್ಟಳೋ ಅದು. ಅವನ ಹೆಂಡತಿಯೂ ಬಂದಳು, ಬಿಳಿಯ ಕಲ್ಲು ಇಟ್ಟಳು, ಅವನ ಕಡೆ ನೋಡದೆ ಹೋದಳು. ಊರು ಎಂದಿನ ಹಾಗೆ ಸತ್ತವರ ಮಾತು ಕೇಳುತ್ತಿತ್ತು. ಸತ್ತವರು ಮಾತ್ರ ಬೇರೆ.

ಮೂರನೆಯ ದಿನ ಗೋಡೆಯಜ್ಜ ಮೆಟ್ಟಿಲ ಮೇಲೆ ನಿಂತ. ಬಾಯಿ ತೆರೆದ, ಮುಚ್ಚಿದ. ಆ ಮಾತನ್ನು ಅವನು ಎಂದೂ ಆಡಿರಲಿಲ್ಲ.

"ಊರು ಹೇಳಿತು" ಎಂದ. ತಡೆದು, "ಬದಲಾಗಲಿ" ಎಂದ.

ಯಾರೂ ಕೂಗಲಿಲ್ಲ. ಜನ ತಮ್ಮ ತಮ್ಮ ಕಲ್ಲು ಎತ್ತಿಕೊಂಡು ಮನೆಗೆ ಹೋದರು.

ಅಂದು ಸಂಜೆ ಗಂಟೆ ಬಾರಿಸಲಿಲ್ಲ. ಕೇರಿಯವರು ಮಾತ್ರ ಎಂದಿನ ಹೊತ್ತಿಗೇ ಕೆಲಸ ಮುಗಿಸಿ ಹೊರಗೆ ಹೋದರು. ಬಾಗಿಲು ತೆರೆದೇ ಇತ್ತು. ಮುಂದಾಳು ಅದರ ಪಕ್ಕದಲ್ಲಿ ನಿಂತ. ಕೇರಿಯಲ್ಲಿ ಒಲೆಗಳ ಹೊಗೆ ಏಳುತ್ತಿತ್ತು. ಯಾರೂ ಬರಲಿಲ್ಲ. ಬೆಳಕು ಕಂದುವ ಹೊತ್ತಿಗೆ ಒಬ್ಬ ಹೆಂಗಸು ನಿಧಾನವಾಗಿ ನಡೆದು ಬಂದಳು. ಹಾಲಕ್ಕ. ಒಂದು ವರ್ಷದಲ್ಲಿ ಅವಳ ಬೆನ್ನು ಬಾಗಿತ್ತು.

"ಬಾ ಅಕ್ಕ" ಎಂದ ಅವನು. "ಉಳಿದವರು?"

"ಈ ಹೊತ್ತಲ್ಲಿ ಅವರಿಗೆ ಇಲ್ಲೇನು ಕೆಲಸ. ಬೆಳಿಗ್ಗೆಯಿಂದ ಇಲ್ಲೇ ಇದ್ರಲ್ಲ." ಅವಳು ಹೊಸಿಲು ದಾಟಿದಳು. ದಾಟುವಾಗ ಅದರ ಕಡೆ ನೋಡಲೂ ಇಲ್ಲ. "ಮಗು ಕಲ್ಲು ಎಲ್ಲಿದೆ ತೋರಿಸು. ಅದನ್ನ ನೋಡೋಣ ಅಂತ ಬಂದೆ. ಹಗಲಲ್ಲಿ ಚಾವಡಿಗೆ ನಮ್ಮನ್ನ ಬಿಡಲ್ಲ."

ಅದು ಅವನಿಗೆ ಗೊತ್ತಿರಲಿಲ್ಲ. ಬಾಗಿಲಿನದೊಂದೇ ಕಟ್ಟಳೆ ಎಂದುಕೊಂಡಿದ್ದ.

ಇಬ್ಬರೂ ದೊಡ್ಡ ಬೀದಿಯಲ್ಲಿ ನಡೆದರು. ಅವರು ಹತ್ತಿರ ಬರುತ್ತಿದ್ದಂತೆ ಮನೆಗಳ ಬಾಗಿಲು ಮುಚ್ಚುತ್ತ ಬಂದವು. ಸಿಟ್ಟಿನಿಂದ ಬಡಿದು ಮುಚ್ಚಿದ್ದಲ್ಲ. ಸಂಜೆ ಸೊಳ್ಳೆ ಬರುತ್ತದೆಂದು ಮುಚ್ಚುವ ಹಾಗೆ, ಮೆಲ್ಲಗೆ. ಕೆಲವು ಬಾಗಿಲುಗಳ ಹಿಂದೆ ಚಿಲಕ ಹಾಕುವ ಸದ್ದು ಕೇಳಿತು. ಅವನ ಮನೆಯ ಬಾಗಿಲೂ ಮುಚ್ಚಿತ್ತು. ಮಗಳು ಹೋದಂದಿನಿಂದ ಹೆಂಡತಿ ಸಂಜೆ ಅದನ್ನು ತೆರೆಯುತ್ತಿರಲಿಲ್ಲ. ಹಾಲಕ್ಕ ಆ ಮ‌ನೆಯ ಮುಂದೆ ಒಂದು ಗಳಿಗೆ ನಿಧಾನಿಸಿ ಮುಂದೆ ನಡೆದಳು.

ಚಾವಡಿಯಲ್ಲಿ ಒಂದು ದೀಪ ಉರಿಯುತ್ತಿತ್ತು. ಗೋಡೆಯಜ್ಜ ಕೂತಲ್ಲೇ ತೂಕಡಿಸುತ್ತಿದ್ದ. ಮುಂದಾಳು ದೀಪ ಎತ್ತಿಕೊಂಡು ಹಿಂದಿನ ಗೋಡೆಗೆ ಹೋದ. ಮೊದಲು ಕಪ್ಪು, ಎಷ್ಟೋ ಮಾರುಗಳ ತನಕ ಕಪ್ಪು. ಆಮೇಲೆ ಬೆಳ್ಳಗಿನ ಮೂಲೆ. ಬಿಳಿಯ ಕಲ್ಲುಗಳು ನೆಲದಿಂದ ತಲೆಯೆತ್ತರದವರೆಗೆ, ಒತ್ತೊತ್ತಾಗಿ, ಒಂದರ ಹಾಗೆ ಇನ್ನೊಂದು.

"ಯಾವುದು?" ಎಂದಳು ಹಾಲಕ್ಕ.

ಅವನು ದೀಪವನ್ನು ಮೇಲಕ್ಕೆ ಹಿಡಿದ, ಕೆಳಕ್ಕೆ ಹಿಡಿದ. ಆ ಮೂಲೆಯಲ್ಲಿ ಎಷ್ಟು ಕಲ್ಲುಗಳಿವೆ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದ. ಮಗಳ ಕಲ್ಲನ್ನು ಗಾರೆಗೆ ಒತ್ತುವಾಗ ಅವನು ಅಲ್ಲಿರಲಿಲ್ಲ. ಅದು ಬುಟ್ಟಿಯಲ್ಲಿ ಹೋಗಿತ್ತು. ಆರು ತಿಂಗಳು ಗೂಡಿನಲ್ಲಿದ್ದ ಆ ಕಲ್ಲನ್ನು ಅವಳು ದಿನಾ ತೆಗೆದು ನೋಡುತ್ತಿದ್ದಳು. ಅವನು ಒಂದು ಸಲವೂ ಕೈಗೆ ತೆಗೆದುಕೊಂಡು ನೋಡಿರಲಿಲ್ಲ.

"ಯಾವುದು ತಮ್ಮ?"

ಅವನು ಬೆರಳು ಚಾಚಿ, ಅವಳ ಕೈಗೆ ಎಟುಕುವ ಎತ್ತರದಲ್ಲಿದ್ದ ಒಂದು ಕಲ್ಲನ್ನು ಮುಟ್ಟಿದ.

"ಇದು."

ಹಾಲಕ್ಕ ಹತ್ತಿರ ಹೋದಳು. ಎರಡು ಹಗಲು ಹಣೆಯ ಮೇಲಿಟ್ಟಿದ್ದ ಹಾಗೆ ಆ ಕಲ್ಲಿನ ಮೇಲೆ ಅಂಗೈಯಿಟ್ಟಳು. ಬಹಳ ಹೊತ್ತು ಹಾಗೇ ನಿಂತಳು. ಅವನು ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದ, ಎಣ್ಣೆ ಅವನ ಬೆರಳುಗಳ ಮೇಲೆ ಇಳಿಯುತ್ತಿತ್ತು.

"ತಣ್ಣಗಿದ್ದಾಳೆ ಈಗ" ಎಂದಳು ಅವಳು.

ಅವನು ಹೂಂ ಎಂದ.